ಅಕ್ಕತಂಗಿ ಊರುಗಳು

ಊರುಗಳಿಗೂ ಅಕ್ಕತಂಗಿಯರಿರುತ್ತಾರೆ ಎಂಬುದು ಅರ್ಧ ಆಯುಷ್ಯ ಕಳೆಯುವವರೆಗೆ ನನಗೆ ಗೊತ್ತಿರಲಿಲ್ಲ. ನಾವಿದ್ದದ್ದು ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ. ಪಕ್ಕದ ಸಣ್ಣ ಊರೊಂದಕ್ಕೆ ಜಪಾನಿನಲ್ಲಿ ‘ಸಿಸ್ಟರ್ ಸಿಟಿ’, ಅಂದರೆ ಸ್ನೇಹದ ಒಪ್ಪಂದ ಮಾಡಿಕೊಂಡ ಜೊತೆಯೂರು, ಇದೆಯೆಂದು ಅಲ್ಲಿಯ ಲೈಬ್ರರಿಯ ಮುಂದೆ ಫಲಕ ಹಾಕಿದ್ದರು. ಅದನ್ನು ಓದಿದಾಗಲೆಲ್ಲ ನನಗೊಂದು ಅನುಮಾನ: ಇವೆರಡರಲ್ಲಿ ಅಕ್ಕ ಯಾರು, ತಂಗಿ ಯಾರು? ಇಂಗ್ಲಿಷಿಗೆ ಈ ತಾಪತ್ರಯವಿಲ್ಲ, ಸಿಸ್ಟರ್ ಎಂದು ಸುಮ್ಮನಾಗುತ್ತದೆ. ಕನ್ನಡದಲ್ಲಿ ವಯಸ್ಸು ಕೇಳದೆ ಒಡಹುಟ್ಟಿದವಳನ್ನು ಕರೆಯಲು ಬಾರದು. ‘ಸಹೋದರಿ’ ಎಂಬುದು ವೇದಿಕೆಯ ಮಾತು; ಯಾರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಸಹೋದರೀ, ಕಾಫಿ ಆಯಿತೇ’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಜಪಾನೀಯರದೂ ಇದೇ ಕಷ್ಟವೆಂದು ಆಮೇಲೆ ತಿಳಿಯಿತು. ಅವರು ‘ಶಿಮಾಯ್’ ಎನ್ನುತ್ತಾರಂತೆ. ಅಕ್ಕನ ಅಕ್ಷರವೊಂದು, ತಂಗಿಯ ಅಕ್ಷರವೊಂದು ಸೇರಿಸಿ ಬರೆಯುವ ಪದ. ಅಂದರೆ ನಮ್ಮ ಅಕ್ಕತಂಗಿಯೇ. ಯಾರು ದೊಡ್ಡವರು ಎಂದು ಹೇಳದೆ ಇಬ್ಬರ ಮರ್ಯಾದೆಯನ್ನೂ ಉಳಿಸುವ ಜಾಣ ಪದ.

ಈ ಪಾಂಡಿತ್ಯವೆಲ್ಲ ನನಗೆ ಬಂದದ್ದು ಬಿಡುವಿನಿಂದ. ಬಿಡುವು ಬಂದದ್ದು ಕೆಲಸ ಹೋದದ್ದರಿಂದ. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಕಾಲ. ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಬ್ಯಾಂಕೂ ನನ್ನನ್ನು ಮನೆಗೆ ಕಳಿಸಿತ್ತು. ಬೆಳಗಿನ ಟ್ರೇನಿನಲ್ಲಿ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುತ್ತಿದ್ದವನು ಈಗ ಲೈಬ್ರರಿಗೆ ಕಮ್ಯೂಟ್ ಮಾಡುತ್ತಿದ್ದೆ. ಅಲ್ಲಿದ್ದ ಪೆಗ್ ಎಂಬ ನಿವೃತ್ತ ಮೇಷ್ಟರಮ್ಮ ಸಿಸ್ಟರ್ ಸಿಟಿ ಕಮಿಟಿಯ ಪ್ರಾಣ. ಆ ವಸಂತದಲ್ಲಿ ಜಪಾನಿನಿಂದ ತಂಡ ಬರುವುದಿತ್ತು. ಆದರೆ ಅತಿಥಿಗಳನ್ನು ಇಟ್ಟುಕೊಳ್ಳುತ್ತೇವೆಂದು ಒಪ್ಪಿದ್ದ ಮನೆಗಳು ಒಂದೊಂದಾಗಿ ಕೈಬಿಡುತ್ತಿದ್ದವು. ಒಬ್ಬರು ಮನೆ ಮಾರಾಟಕ್ಕಿಟ್ಟಿದ್ದರು, ಇನ್ನೊಬ್ಬರು ಮಗಳ ಸಂಸಾರವನ್ನೇ ಮನೆಗೆ ಕರೆತಂದಿದ್ದರು.

“ನಿಮ್ಮಲ್ಲಿ ಖಾಲಿ ರೂಮ್ ಇದೆಯಾ?” ಎಂದು ಪೆಗ್ ಕೇಳಿದರು. ಇತ್ತು.

“ಆದರೆ ಅವರು ಅಮೆರಿಕನ್ ಮನೆ ನೋಡೋಕೆ ಬರ್ತಿದ್ದಾರಲ್ಲ?”

“ನಿಮ್ಮದು ಅಮೆರಿಕನ್ ಮನೆ ಅಲ್ಲ ಅಂತ ಯಾರು ಹೇಳಿದ್ದು?” ಎಂದರು ಪೆಗ್. ಆ ಮಾತಿಗೆ ನಾನು ಸೋತುಹೋದೆ.

ನನ್ನ ಹೆಂಡತಿ ಸುಧಾ ಧಾರವಾಡದವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಸುದ್ದಿ ಕೇಳಿ, “ಬರ್ಲಿ ಬಿಡ್ರಿ. ನೀವರ ದಿನಾ ಸೋಫಾದ ಮ್ಯಾಲೆ ಕುಂತು ಏನ್ ಮಾಡ್ತೀರಿ?” ಎಂದಳು. ಹನ್ನೆರಡರ ಮಗಳು ಮೇಘನಾ ಜಪಾನಿ ಕಾರ್ಟೂನುಗಳನ್ನು ನೋಡಿ ನೋಡಿ ಭಾಷೆ ಕಲಿತಿದ್ದೇನೆಂದು ನಂಬಿದ್ದಳು. “ಐ ಕ್ಯಾನ್ ಟೋಟಲಿ ಟ್ರಾನ್ಸ್‌ಲೇಟ್, ಡ್ಯಾಡ್” ಎಂದಳು.

ಬಂದವರು ಹಿಸಾಕೊ ಸಾನ್ (ಸಾನ್ ಎಂಬುದು ನಮ್ಮ ‘ಅವರು’ ಇದ್ದಂತೆ), ಎಪ್ಪತ್ತು ದಾಟಿದ, ಬಿಳಿ ಕೂದಲನ್ನು ಗಿಡ್ಡಗೆ ಕತ್ತರಿಸಿದ ಪುಟ್ಟ ಹೆಂಗಸು. ಹೊಲಿಗೆ ಕಲಿಸುತ್ತಿದ್ದವರಂತೆ. ಅವರು ಬಾಗಿದರು, ನಾನು ಕೈ ಮುಗಿದೆ; ಅವರು ಕೈ ಮುಗಿದರು, ನಾನು ಬಾಗಿದೆ. ಇದು ಬಾಗಿಲಲ್ಲೇ ಬಹಳ ಹೊತ್ತು ನಡೆಯಿತು. ಮೇಘನಾ ಮುಂದೆ ಬಂದು ಜಪಾನಿಯಲ್ಲಿ ಗಂಭೀರವಾಗಿ ಏನೋ ಹೇಳಿದಳು. ಹಿಸಾಕೊ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಜೊತೆಗಿದ್ದ ದುಭಾಷಿ ಹುಡುಗಿ ವಿವರಿಸಿದಳು: “ನಿಮ್ಮ ಮಗಳು ‘ನಿನ್ನ ಮೇಲೆ ಸೇಡು ತೀರಿಸಿಕೊಳ್ಳಲು ಕಾದಿದ್ದೆ, ಬಾ’ ಅಂದಳು.”

ದುಭಾಷಿ ಹೊರಡುವ ಮುಂಚೆ ಮುಖ್ಯವಾದ ಮಾತೊಂದನ್ನು ಹೇಳಿಹೋದಳು. ಹಿಸಾಕೊ ಸಾನ್‌ಗೆ ಇದು ಎರಡನೆಯ ಭೇಟಿ. ನಲವತ್ತರ ಆಚೀಚೆ ಇದ್ದಾಗ ಬಂದು ಲೊರೇನ್ ಎಂಬಾಕೆಯ ಮನೆಯಲ್ಲಿ ಉಳಿದಿದ್ದರು. ಲೊರೇನ್ ಇವರನ್ನು ಚರ್ಚಿನ ಖಾಲಿ ಪಾರ್ಕಿಂಗ್ ಲಾಟ್‌ಗೆ ಕರೆದೊಯ್ದು, ಒಂದು ಮಾತೂ ಅರ್ಥವಾಗದೆ, ಕಾರು ಓಡಿಸಲು ಕಲಿಸಿದ್ದರು. ಹಿಸಾಕೊ ಸಾನ್ ಊರಿಗೆ ಹೋಗಿ, ಗಂಡ ನಗುತ್ತಿದ್ದರೂ ಬಿಡದೆ, ಲೈಸೆನ್ಸ್ ಪಡೆದರು. ಅವರ ಊರಿನಲ್ಲಿ ವಯಸ್ಸಾದವರು ಲೈಸೆನ್ಸನ್ನು ತಾವಾಗಿಯೇ ಹಿಂತಿರುಗಿಸುವ ರೂಢಿಯಿದೆಯಂತೆ. ಇವರೂ ಕೊಡುವವರಿದ್ದರು. ಅದಕ್ಕೆ ಮುಂಚೆ ಒಮ್ಮೆ ಲೊರೇನ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಬೇಕು. ಅದಕ್ಕಾಗಿಯೇ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದರು. ಆದರೆ ಈಚೆಗೆ ಲೊರೇನ್‌ರಿಂದ ಕ್ರಿಸ್‌ಮಸ್ ಕಾರ್ಡೂ ಇಲ್ಲ, ಸುದ್ದಿಯೂ ಇಲ್ಲ.

ಮರುದಿನ ಹಿಸಾಕೊ ಸಾನ್ ತೋರಿಸಿದ ವಿಳಾಸಕ್ಕೆ ಹೋದೆವು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬಾಗಿಲಿಗೆ ಬೀಗ, ಅಂಗಳದಲ್ಲಿ ‘ಬ್ಯಾಂಕಿನ ಸ್ವತ್ತು’ ಎಂಬ ಬೋರ್ಡು. ಬೋರ್ಡು ಓದಲು ಬಾರದ ಹಿಸಾಕೊ ಸಾನ್ ಕರೆಗಂಟೆ ಒತ್ತಿ, ಕೂದಲು ಸರಿಮಾಡಿಕೊಂಡು, ನಗುಮುಖದಿಂದ ಕಾಯುತ್ತ ನಿಂತರು. ನನ್ನನ್ನು ಹೊರಹಾಕಿದ ಬ್ಯಾಂಕಿನಂಥದೇ ಒಂದು ಬ್ಯಾಂಕು ಈ ಬಾಗಿಲಿಗೂ ಬೀಗ ಜಡಿದಿತ್ತು. ಅದನ್ನು ಜಪಾನಿಯಲ್ಲಿ ಹೇಗೆ ಹೇಳುವುದು? ನನ್ನ ಕೆಲಸ ಹೋದದ್ದನ್ನು ಕನ್ನಡದಲ್ಲೇ ನಾನು ಅಪ್ಪನಿಗೆ ಇನ್ನೂ ಸರಿಯಾಗಿ ಹೇಳಿರಲಿಲ್ಲ. ನಾನು ತಲೆಯಾಡಿಸಿದೆ. ಅವರು ಇನ್ನೊಮ್ಮೆ ಗಂಟೆ ಒತ್ತಿದರು.

ಪಕ್ಕದ ಮನೆಯವರು ಬಂದು ಹೇಳಿದರು: ಲೊರೇನ್ ಈಗ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ, ಅಣ್ಣನ ಮಗಳ ಮನೆಯ ಬೇಸ್‌ಮೆಂಟಿನಲ್ಲಿ. ಫೋನ್ ನಂಬರನ್ನೂ ಕೊಟ್ಟರು. ಫೋನ್ ಮಾಡಿದೆ. ಅಣ್ಣನ ಮಗಳು ಸ್ವಲ್ಪ ಹೊತ್ತು ಬಿಟ್ಟು ಬಂದು, “ಸಾರಿ, ಆಂಟಿ ಯಾರನ್ನೂ ನೋಡಲ್ಲವಂತೆ” ಎಂದಳು.

ಸಂಜೆ ಸುಧಾಳಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

“ಫೋನ್ ಮಾಡಿ ಕೇಳಿದ್ರ ಯಾರರ ಹೂಂ ಅಂತಾರೇನ್ರಿ? ಮನಿ ಕಳಕೊಂಡಾಕಿ, ಯಾ ಮುಖಾ ಹೊತ್ತು ಬರ್ಲಿ ಅಂತ ಕುಂತಿರ್ತಾಳ. ಸೀದಾ ಹೋಗಿ ಬಾಗಲ ಮುಂದ ನಿಂದರ್ರಿ.”

“ಅಮೆರಿಕದಲ್ಲಿ ಹಾಗೆ ಹೇಳದೆ ಕೇಳದೆ ಹೋಗೋದು ಸರಿಯಲ್ಲ ಕಣೆ.”

“ಧಾರವಾಡದಾಗ ಸರಿ ಐತಿ. ಹೋಗ್ರಿ.”

ಶನಿವಾರ ಹೋದೆವು. ಮೇಘನಾಳೂ ಬಂದಳು. ಲೊರೇನ್ ಬಾಗಿಲಿಗೆ ಬರಲಿಲ್ಲ. ಅಣ್ಣನ ಮಗಳು ಮುಜುಗರದಿಂದ ಕೈ ಹಿಸುಕಿಕೊಂಡಳು. ನಾನು ಹೊರಡೋಣವೆಂದು ತಿರುಗುವಷ್ಟರಲ್ಲಿ ಹಿಸಾಕೊ ಸಾನ್ ನನ್ನ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡರು. ನೇರ ಹೋಗಿ, ಬೇಸ್‌ಮೆಂಟಿನ ಕಿಟಕಿಯಲ್ಲಿ ಕಾಣುವಂತೆ ನಿಂತು, ಕಾರಿನ ಎಡಬಾಗಿಲನ್ನು ದಾಟಿ ಬಲಬಾಗಿಲು ತೆರೆದು, ಒಳಗೆ ಕೂತು ಸೀಟ್‌ಬೆಲ್ಟ್ ಕಟ್ಟಿಕೊಂಡರು. ಎದುರಿಗೆ ಸ್ಟಿಯರಿಂಗ್ ಇರಲಿಲ್ಲ. ಜಪಾನಿನಲ್ಲೂ ನಮ್ಮ ದೇಶದಂತೆ ಸ್ಟಿಯರಿಂಗ್ ಬಲಕ್ಕೆ; ಅಭ್ಯಾಸಬಲದಿಂದ ಆ ಕಡೆಗೆ ಕೂತಿದ್ದರು. ಅವರು ಅತ್ತಿತ್ತ ನೋಡಿ ಸ್ಟಿಯರಿಂಗ್ ಹುಡುಕತೊಡಗಿದರು.

ಮನೆಯೊಳಗಿನಿಂದ ಒಂದು ನಗು ಕೇಳಿಸಿತು. ಆಮೇಲೆ ಬಾಗಿಲು ತೆರೆಯಿತು. ಎತ್ತರದ, ಸೊರಗಿದ, ಮನೆಯ ಚಪ್ಪಲಿಯಲ್ಲೇ ಇದ್ದ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದರು.

“ರಾಂಗ್ ಸೈಡ್, ಹನಿ! ಇಷ್ಟು ವರ್ಷ ಆದಮೇಲೂ ರಾಂಗ್ ಸೈಡಾ?”

ಅಪ್ಪಿಕೊಳ್ಳಲು ಲೊರೇನ್ ಕೈ ಚಾಚುವಾಗ ಹಿಸಾಕೊ ಸಾನ್ ಬಾಗಿದರು. ಲೊರೇನ್‌ರ ಕೈ ಗಾಳಿಯನ್ನು ಅಪ್ಪಿತು. ಎರಡನೆಯ ಸಲ ಸರಿಯಾಯಿತು. ಲೊರೇನ್ ಅಳುತ್ತ ಏನೇನೋ ಹೇಳಿದರು, ಮನೆ ಎಂಬ ಮಾತು ಹಲವು ಸಲ ಬಂತು. ಹಿಸಾಕೊ ಸಾನ್ ಎಲ್ಲದಕ್ಕೂ “ಹಾಯ್, ಹಾಯ್” ಎಂದು ತಲೆಯಾಡಿಸಿದರು. ಹೌದು ಎಂದರ್ಥ. ಮೇಘನಾ ಅನುವಾದ ಮಾಡಲು ಬಾಯಿ ತೆರೆದವಳು ನನ್ನ ಮುಖ ನೋಡಿ, ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದು ದಿವಾಳಿಯಾಗಿ ಮುಚ್ಚಿತ್ತು. ಅದರ ಪಾರ್ಕಿಂಗ್ ಲಾಟ್ ಬಯಲಿನಂತೆ ಖಾಲಿ ಬಿದ್ದಿತ್ತು. ಆ ಕೆಟ್ಟ ಕಾಲ ನಮಗೆ ಕೊಟ್ಟ ಒಂದೇ ಉಪಕಾರ. ಹಿಸಾಕೊ ಸಾನ್ ಈ ಸಲ ಎಡಕ್ಕೆ ಕೂತರು, ಲೊರೇನ್ ಪಕ್ಕದಲ್ಲಿ. ನಾನೂ ಮೇಘನಾಳೂ ಹಿಂದೆ. ನಾನು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದೆ. ಹೆದರಬೇಕಾಗಿರಲಿಲ್ಲ. ಕಾರು ಮೆಲ್ಲಗೆ, ನುಣ್ಣಗೆ, ದೊಡ್ಡ ದೊಡ್ಡ ಸುತ್ತು ಹಾಕಿತು. “ಈಸಿ, ಹನಿ, ಈಸಿ” ಎನ್ನುತ್ತಿದ್ದ ಲೊರೇನ್ ಕ್ರಮೇಣ ಹೇಳಿಕೊಡಬೇಕಾದದ್ದು ಏನೂ ಇಲ್ಲವೆಂದು ಕಂಡು, ಕಿಟಕಿ ಇಳಿಸಿ, ಗಾಳಿಗೆ ಮುಖವೊಡ್ಡಿದರು.

ಆಮೇಲೆ ಹಿಸಾಕೊ ಸಾನ್ ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು ಲೊರೇನ್‌ರ ಬಾಗಿಲು ತೆರೆದು, ಸ್ಟಿಯರಿಂಗ್ ಕಡೆ ಕೈ ತೋರಿಸಿದರು.

“ನೋ, ನೋ. ನನ್ನ ಕಾರೂ ಹೋಯಿತು. ನಾನು ಓಡಿಸದೆ ಎಷ್ಟು ಕಾಲವಾಯಿತು!”

ಹಿಸಾಕೊ ಸಾನ್‌ಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಲಿಲ್ಲವೆಂದು ತೋರಿಸಿಕೊಂಡರು. ಬಾಗಿಲು ಹಿಡಿದು ನಿಂತೇ ಇದ್ದರು. ಲೊರೇನ್ ನನ್ನ ಕಡೆ ತಿರುಗಿದರು. “ಪ್ಲೀಸ್” ಎಂದೆ ನಾನು. ಅವರು ಇಳಿದು ಹೋಗಿ ಸ್ಟಿಯರಿಂಗ್ ಮುಂದೆ ಕೂತರು, ಕನ್ನಡಿ ಸರಿಮಾಡಿಕೊಂಡರು, ಬೆನ್ನು ನೆಟ್ಟಗಾಯಿತು. ಲಾಟ್‌ನಲ್ಲಿ ಸುತ್ತುವುದಕ್ಕೆ ಹೋಗದೆ ಸೀದಾ ರಸ್ತೆಗಿಳಿದು, “ನಿಮ್ಮ ಮನೆ ಎಲ್ಲಿ?” ಎಂದು ಕೇಳಿ, ಸಮರ್‌ಸೆಟ್‌ವರೆಗೂ ತಾವೇ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟೊಟ್ಟಿಗೆ ಮಾತಾಡಿದರು. ಸುಧಾ ದೋಸೆಗೆ ಹಿಟ್ಟು ತೆಗೆದಿಟ್ಟಿದ್ದಳು. ಯಾಕೆ ಬಂದಿರಿ, ಹೇಗೆ ಬಂದಿರಿ ಎಂದು ಕೇಳದೆ ಇಬ್ಬರಿಗೂ ತಟ್ಟೆ ಹಾಕಿದಳು.

ಮುಂದಿನ ವರ್ಷ ಊರಿನವರು ಹಣವಿಲ್ಲವೆಂದು ಕಾರ್ಯಕ್ರಮವನ್ನೇ ನಿಲ್ಲಿಸಿದರು. ನನಗೆ ಸಣ್ಣದೊಂದು ಕೆಲಸ ಸಿಕ್ಕಿತು. ಲೊರೇನ್ ಅಣ್ಣನ ಮಗಳ ಕಾರು ತೆಗೆದುಕೊಂಡು ಆಗಾಗ ನಮ್ಮಲ್ಲಿಗೆ ಬರುತ್ತಿದ್ದರು, ಫೋನ್ ಮಾಡದೆಯೇ. ಸುಧಾ ಅದನ್ನು ಧಾರವಾಡದ ಗೆಲುವೆಂದು ಪರಿಗಣಿಸಿದ್ದಾಳೆ.

ತಂಡ ವಾಪಸಾದ ವಾರ ಪೆಗ್ ಫೋನ್ ಮಾಡಿದ್ದರು. “ಕಮಿಟಿಗೆ ವರದಿ ಒಪ್ಪಿಸಬೇಕು. ನಿಮ್ಮ ಮನೆಯಲ್ಲಿ ಏನು ಕಲ್ಚರಲ್ ಎಕ್ಸ್‌ಚೇಂಜ್ ಆಯಿತು?”

ಯೋಚಿಸಿದೆ. “ಇಬ್ಬರು ಹೆಂಗಸರು ಕಾರಿನಲ್ಲಿ ಸೀಟು ಬದಲಾಯಿಸಿಕೊಂಡರು” ಎಂದೆ.

“ಇದನ್ನು ನಾನು ಕಮಿಟಿಗೆ ಹೇಗೆ ಹೇಳಲಿ?”

“ದೋಸೆ ತಿಂದರು ಅಂತ ಹೇಳಿಬಿಡಿ” ಎಂದೆ. “ಅದು ಎಲ್ಲರಿಗೂ ಅರ್ಥವಾಗುತ್ತದೆ. ಸುಳ್ಳೂ ಅಲ್ಲ.”