ಗಂಧದ ಗಿಡ ಹೋಯಿತು, ಚಿಗರಿ ಉಳಿದವು

ಔರಾದ ಕಡೆಯ ನಮ್ಮ ಹೊಲದ ಬದುವಿನಲ್ಲಿ ಒಂದು ಹಳೆಯ ಗಂಧದ ಗಿಡವಿತ್ತು. ಯಾರೂ ನೆಟ್ಟದ್ದಲ್ಲ. ಹಕ್ಕಿ ಉದುರಿಸಿದ ಬೀಜ, ತೊಗರಿಯ ಬೇರು ಹಿಡಿದು ಬೆಳೆದಿತ್ತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವಾಗ ಅಜ್ಜಿ ಕಾಳು-ಸೊಪ್ಪಿನ ಭಜ್ಜಿ, ಅಂಬಲಿಯ ಮೊದಲ ತುತ್ತನ್ನು ಅದರ ಬುಡಕ್ಕಿಟ್ಟು, ಇನ್ನೊಂದನ್ನು ಹೊಲಕ್ಕೆ ಮೇಯಲು ಬರುವ ಜಿಂಕೆಗಳಿಗೆ, ನಮ್ಮ ಚಿಗರಿಗಳಿಗೆಂದು ಬದುವಿನಾಚೆ ಎಸೆಯುತ್ತಿದ್ದಳು. ತಾನು ಸತ್ತಾಗ ಆ ಗಿಡದ ಗಂಧವನ್ನೇ ತೇಯ್ದು ಹಣೆಗೆ ಹಚ್ಚಬೇಕೆಂದು ಎಲ್ಲರಿಗೂ ಹೇಳಿಟ್ಟಿದ್ದಳು.

ಆಗ ಬೀದರದಿಂದ ಜೀಪಿನಲ್ಲಿ ಶಿಕಾರಿಯವರು ಬರುತ್ತಿದ್ದರು. ಹಿಂಡುಗಟ್ಟಲೆ ಇದ್ದ ಚಿಗರಿಗಳು ಬೆರಳೆಣಿಕೆಗೆ ಬಂದಿದ್ದವು. ಒಮ್ಮೆ ಅಪ್ಪ ಬಂದೂಕಿನ ಎದುರಿಗೇ ಹೋಗಿ ನಿಂತ.

"ನನ್ನ ಹೊಲದಾಗ ಹೊಡೀಬ್ಯಾಡ್ರಿ. ಹೊಡೀಬೇಕಂದ್ರ ಮೊದಲ ನನಗ ಹೊಡೀರಿ."

ಜೀಪು ತಿರುಗಿ ಹೋಯಿತು. ಅಂಥ ಎದೆಗಾರ ನಮ್ಮಪ್ಪ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದೇ ಅಪ್ಪ ಭಾಲ್ಕಿ ಬಜಾರಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದ. ಗಂಧದ ಗಿಡ ಯಾರ ಹೊಲದಲ್ಲಿದ್ದರೂ ಇನ್ನು ಸರ್ಕಾರದ್ದೇ ಎಂದು ಅಲ್ಲಿ ಯಾರೋ ಹೇಳಿದ್ದರು. ಮರುದಿನ ಬೆಳಿಗ್ಗೆಯೇ ಕೊಡಲಿ ಹಿಡಿದ.

"ಕಳ್ಳರು ಕಡ್ಕೊಂಡು ಹೋದ್ರ ಜೇಲಿಗಿ ನಾ ಹೋಗ್ಬೇಕಾಗ್ತದವ್ವಾ. ಗಿಡಾನೇ ಇಲ್ಲಂದ್ರ ಯಾರೇನ್ ಕೇಳ್ತಾರ?"

"ಬಂದೂಕಿಗಿ ಅಂಜಲಾರದವ ಬರೇ ಸುದ್ದಿಗಿ ಅಂಜಿದೆಲ್ಲೋ ತಮ್ಮಾ" ಎಂದಳು ಅಜ್ಜಿ.

ಬೇರುಸಹಿತ ಅಗೆದು ಅಲ್ಲೇ ಸುಟ್ಟ. ದೇವರ ಜಗಲಿಯ ಮೇಲಿದ್ದ ಅದೇ ಗಿಡದ ಗಂಧದ ಕೊರಡನ್ನೂ ಬಿಡಲಿಲ್ಲ. ಪರಿಮಳ ಊರಿಗೆಲ್ಲ ಸುಳಿವು ಕೊಟ್ಟೀತೆಂದು ಬೆಂಕಿಗೆ ಹಸಿ ಸಗಣಿ ಸುರಿದ. ಸುತ್ತಲಿನ ಹೊಲದವರೂ ಅದನ್ನೇ ಮಾಡಿದರು.

ಮುಂದೆ ಚಿಗರಿಗೂ ಕಾನೂನು ಬಂತು, ಶಿಕಾರಿಯವರು ಬರುವುದು ನಿಂತಿತು. ಚಿಗರಿ ಯಾರ ಹೊಲದಲ್ಲಿ ಸತ್ತು ಬಿದ್ದರೂ ಕೊಂದವನನ್ನು ಕೇಳುತ್ತಾರೆ, ಹೊಲದವನನ್ನಲ್ಲ. ಹೀಗಾಗಿ ಅದನ್ನು ನೋಡಿ ಯಾರೂ ಅಂಜಲಿಲ್ಲ. ಗಿಡ ಮಾತ್ರ ನಮ್ಮ ಬದುವಿನಲ್ಲಿ ಹುಟ್ಟಿದ್ದಕ್ಕೇ ಸತ್ತಿತು. ಈ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಜ್ಜಿ ತೀರಿಕೊಂಡ ದಿನ ನಮ್ಮ ತೊಗರಿಯಲ್ಲಿ ಚಿಗರಿಗಳು ಮೇಯುತ್ತಿದ್ದವು. ಬೀದರದ ಅಂಗಡಿಯಿಂದ ಗಂಧ ತರಿಸೋಣವೆಂದರೆ ಅಪ್ಪ ಒಪ್ಪಲಿಲ್ಲ. ಅಜ್ಜಿ ಆ ಗಿಡದ ಗಂಧ ತೇಯುತ್ತಿದ್ದ ಹಳೆಯ ಸಾಣೆಕಲ್ಲಿಗೆ ನೀರು ಹಾಕಿ ಬರಿಗೈಯಿಂದ ತೇಯತೊಡಗಿದ. ಅಂಗೈ ಕೆಂಪಾಗುವವರೆಗೂ ತೇಯ್ದ. ಕೊನೆಗೆ ಆ ನೀರನ್ನೇ ಅವಳ ಹಣೆಗೆ ಹಚ್ಚಿದ.