ಮಲ್ಲಿಯ ಬೆನ್ನಿಗೆ ಈರಕ್ಕನ ಗಾದಿ

ಎಳೆ ಬಿಸಿಲು ಇನ್ನೂ ರಾಯದುರ್ಗದ ಕೋಟೆಗೋಡೆಗಷ್ಟೇ ತಾಗಿದೆ. ಕೆಳಗೆ ಈರಕ್ಕನ ಅಂಗಳದಲ್ಲಿ ಬೆಳುಗುಪ್ಪದ ಹೊನ್ನೂರಪ್ಪ ಅಂಗಿ ಬಿಚ್ಚಿ ನಿಂತಿದ್ದಾರೆ. ಬರಿ ಬೆನ್ನಿಗೆ ದಪ್ಪ ಗಾದಿ, ಅದರ ಮೇಲೆ ಅರ್ಧ ಚೀಲ ಶೇಂಗಾ. ಎರಡನ್ನೂ ಬಿಗಿದು ಕಟ್ಟಿದ ಹಗ್ಗದ ತುದಿ ಈರಕ್ಕನ ಕೈಯಲ್ಲಿದೆ.

"ರೈಲ್ವೆ ಗೇಟಿನ ತನಕ ಓಡಿ ಬಾ ಯಣ್ಣಾ. ನಡಕೋಂತ ಹೋದ್ರ ಈ ಸಲ ಲೆಕ್ಕಕ್ಕಿಲ್ಲ."

ಹೊನ್ನೂರಪ್ಪ ಓಡುತ್ತಾರೆ. ಹಾಲಿನ ಕ್ಯಾನು ಹೊತ್ತು ಬರುತ್ತಿದ್ದವರು ದಾರಿ ಬಿಟ್ಟು ನಿಂತು ನಗುತ್ತಾರೆ. ಬೇವಿನ ಮರಕ್ಕೆ ಕಟ್ಟಿದ ಬಿಳಿ ಕುದುರೆ ಮಲ್ಲಿ ಮಾತ್ರ ಮೇವು ಮೆಲ್ಲುತ್ತ ತನ್ನ ಯಜಮಾನನ ಓಟವನ್ನು ಆರಾಮಾಗಿ ನೋಡುತ್ತಿದೆ.

ಈರಕ್ಕ ಹೊಲಿಯುವುದು ಕುದುರೆಯ ಜೀನಿನ ಕೆಳಗೆ ಹಾಕುವ ಗಾದಿ. ಮದುವೆ ಮೆರವಣಿಗೆಯಲ್ಲಿ ಮದುಮಗನ ಪೇಟ, ಮಖಮಲ್ಲಿನ ಹೊದಿಕೆ, ಜರಿಯ ಗೊಂಡೆ ಎಲ್ಲವೂ ಊರಿಗೆ ಕಾಣುತ್ತವೆ. ಅವುಗಳ ಅಡಿಯಲ್ಲಿ ಕುದುರೆಯ ಚರ್ಮಕ್ಕೆ ಅಂಟಿಕೊಂಡಿರುವ ಗಾದಿಯನ್ನು ಕೇಳುವವರೇ ಇಲ್ಲ. ಅದು ಎಂಥ ಬಟ್ಟೆಯದು ಎಂಬುದರ ಮೇಲೆಯೇ ಕುದುರೆಯ ಬೆನ್ನು ಚೆನ್ನಾಗಿರುವುದೋ ಹುಣ್ಣಾಗುವುದೋ ನಿಂತಿದೆ. ಅದಕ್ಕಾಗಿ ಈರಕ್ಕನದೊಂದು ಕಟ್ಟುನಿಟ್ಟಿನ ನೇಮ: ಯಾವ ಗಾದಿಯೂ ಮಾಲೀಕನ ಬೆನ್ನೇರದೆ ಕುದುರೆಯ ಬೆನ್ನೇರುವಂತಿಲ್ಲ. "ಕುದುರಿಗೆ ಚುಚ್ಚಿದ್ರ ಅದು ಬಾಯಿಬಿಟ್ಟು ಹೇಳಂಗಿಲ್ರಿ. ಇವರಿಗೆ ಬಾಯೈತಿ, ಅದೂ ದೊಡ್ಡದೈತಿ" ಎಂದು ನಗುತ್ತಾರೆ. ಅನಂತಪುರದ ಕಡೆಯಿಂದ ಬಂದವರೊಡನೆ ಚೊಕ್ಕ ತೆಲುಗಿನಲ್ಲಿ ವ್ಯವಹರಿಸುವ ಈರಕ್ಕ, ಬೈಯುವುದನ್ನು ಮಾತ್ರ ಕನ್ನಡದಲ್ಲೇ ಇಟ್ಟುಕೊಂಡಿದ್ದಾರೆ.

ಮೊದಲು ಅವರು ಈ ಊರಿನ ನೂರಾರು ಹೆಂಗಸರ ಹಾಗೆ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದವರು. ಗಂಡ ಮೂಕಪ್ಪ ಆಗ ಜಟಕಾ ಹೊಡೆಯುತ್ತಿದ್ದರು. ಕಾರ್ಖಾನೆಯಲ್ಲಿ ಉಳಿದ ತುಂಡುಗಳನ್ನು ತಂದು ಈರಕ್ಕ ಆ ಜಟಕಾ ಕುದುರೆಗೊಂದು ಗಾದಿ ಹೊಲಿದರು. ಅದನ್ನು ಕಂಡ ಉಳಿದ ಜಟಕಾದವರು ತಮಗೂ ಬೇಕೆಂದು ಗಂಟುಬಿದ್ದರು. ಈಗ ಮೂಕಪ್ಪ ಆಟೋ ಓಡಿಸುತ್ತಾರೆ, ಹೆಸರಿಗೆ ತಕ್ಕ ಹಾಗೆ ಒಂದು ಗಳಿಗೆಯೂ ಇರಲಾರದೆ ದಾರಿಯುದ್ದಕ್ಕೂ ಹೆಂಡತಿಯ ಗಾದಿಯ ಗುಣಗಾನ ಮಾಡುತ್ತಾರೆ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹಾಗೆ ಬಂದವರೇ.

ಬಟ್ಟೆ ಆರಿಸುವಾಗ ಈರಕ್ಕನ ಮುಂದೆ ಯಾರ ಮುಲಾಜೂ ನಡೆಯುವುದಿಲ್ಲ. ಸ್ಪಂಜಿನ ಗಾದಿ ಮುಟ್ಟಿದರೆ ಮೆತ್ತಗಿದ್ದರೂ ಬಿಸಿಲಿಗೆ ಬೆನ್ನನ್ನು ಬೇಯಿಸುತ್ತದೆ. ಎಳೆದರೆ ಹಿಗ್ಗುವ ಜೀನ್ಸ್ ಬಟ್ಟೆ ಬೆವರು ಕುಡಿಯುವುದಿಲ್ಲ, ಜಾರುತ್ತದೆ. ಹಿಗ್ಗದ ದಪ್ಪ ಜೀನ್ಸ್ ಬಟ್ಟೆ ಜೀನಿನ ಕಡೆಗೆ ಇರಬೇಕು, ಕುದುರೆಯ ಕಡೆಗೆ ಉಣ್ಣೆಯ ಕಂಬಳಿಯೇ ಆಗಬೇಕು. ಅದೂ ಕುರಿ ಕಾಯುವವರು ಹೊದ್ದು ಹೊದ್ದು ಮೆತ್ತಗಾದ ಹಳೆಯ ಕಂಬಳಿ. "ಹೊಸದು ಚೆಂದ ಕಾಣ್ತೈತ್ರಿ. ಹಳೇದು ಬೆನ್ನಿಗೆ ಹಿತ" ಎನ್ನುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಈರಕ್ಕ ಎಡವಿದರು. ಈ ವರ್ಷದ ಮದುವೆ ಸುಗ್ಗಿಯ ಹೊತ್ತಿಗೆ ಹಳೆಯ ಕಂಬಳಿ ಮುಗಿದುಹೋಯಿತು. ಮಡಕಶಿರದ ಆಚೆ ಅಗಳಿಯಲ್ಲಿ ಕಂಬಳಿ ನೇಯುವ ಮನೆಯ ಓಬಮ್ಮ ಬಸ್ಸಿನಲ್ಲಿ ಹೊಸದೊಂದನ್ನು ಕಳಿಸಿದರು. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಒಗೆದು ಒಗೆದು ಅದನ್ನು ಬಿಡಿಸಬೇಕು. ಹೊನ್ನೂರಪ್ಪನ ಅವಸರಕ್ಕೆ ಈರಕ್ಕ ಒಗೆಯದೆ ಹೊಲಿದರು. ಚಳಿ ಅಂತ ಹೊನ್ನೂರಪ್ಪನೂ ಅವತ್ತು ಗೇಟಿನವರೆಗೆ ಮೆಲ್ಲಗೆ ನಡೆದೇ ಬಂದರು, ಬೆವರಲಿಲ್ಲ, ಅವರಿಗೇನೂ ತಿಳಿಯಲಿಲ್ಲ. ಮೆರವಣಿಗೆಯಲ್ಲಿ ಮಲ್ಲಿ ಬೆವರಿತು. ಗಂಜಿ ಕರಗಿ, ಆಮೇಲೆ ಆರಿ, ಹಪ್ಪಳದ ಹಾಗೆ ಸೆಟೆದು ಬೆನ್ನಿನ ಚರ್ಮವನ್ನೇ ಕಿತ್ತಿತು.

ಸುದ್ದಿ ಕೇಳಿದ ಓಬಮ್ಮ ಫೋನಿನಲ್ಲೇ ಜಾಡಿಸಿದರು: "ಗಂಜಿ ಬಿಡ್ಸದಲೇ ಹೊಲ್ದ್ಬಿಟ್ಯೇನಕ್ಕ? ನಾವು ಗಂಜಿ ಹಾಕೋದು ಮಳೆ ನೀರು ಇಳಿದು ಹೋಗ್ಲಿ ಅಂತ. ಕುದ್ರೆ ಬೆವರಿಗಲ್ಲ ಕಣಕ್ಕ!" ಈರಕ್ಕನಿಗೆ ಅನ್ನ ಸೇರಲಿಲ್ಲ. ಬೆಳುಗುಪ್ಪಕ್ಕೆ ಹೋಗಿ ಬಂದು ಮಲ್ಲಿಯ ಹುಣ್ಣಿಗೆ ಅರಿಶಿನ ಹಚ್ಚಿದರು.

ಹುಣ್ಣು ಈಗ ಮಾಯ್ದು ಕೂದಲು ಬಂದಿದೆ. ಇಂದು ಪರೀಕ್ಷೆ. ಮತ್ತೆ ಬೆನ್ನು ಕೆಟ್ಟರೆ ಮಲ್ಲಿಯನ್ನು ಬಳ್ಳಾರಿಯ ಕುದುರೆ ವ್ಯಾಪಾರಿಗಳಿಗೆ ಮಾರಿಬಿಡುವುದೆಂದು ಹೊನ್ನೂರಪ್ಪ ತೀರ್ಮಾನಿಸಿದ್ದಾರೆ. ಮರಿಯಿಂದ ಸಾಕಿದ ಕುದುರೆ ಅದು. "ಬೆನ್ನಿಲ್ಲದ ಕುದುರಿ ಕಟ್ಕೊಂಡು ನಾ ಏನ್ ಮಾಡ್ಲಿ ಯಕ್ಕಾ" ಎಂದು ನಿನ್ನೆ ಕಣ್ಣಲ್ಲಿ ನೀರು ತಂದುಕೊಂಡಿದ್ದರಂತೆ.

ಹೊನ್ನೂರಪ್ಪ ಏದುಸಿರು ಬಿಡುತ್ತ ಗೇಟಿನಿಂದ ಮರಳುತ್ತಾರೆ. ಬೆನ್ನು ಬೆವರಿದೆ, ಎಲ್ಲಿಯೂ ಕೆಂಪಾಗಿಲ್ಲ. ಈ ಸಲದ ಕಂಬಳಿಯನ್ನು ಈರಕ್ಕ ಬಿಸಿನೀರಲ್ಲಿ ನೆನೆಸಿ, ಬಂಡೆಗೆ ಬಡಿದು, ತೊಳೆದ ನೀರು ತಿಳಿಯಾಗುವ ತನಕ ಬಿಟ್ಟಿಲ್ಲ. ಗಾದಿ ಈಗ ಮಲ್ಲಿಯ ಮೇಲೇರುತ್ತದೆ, ಅದರ ಮೇಲೆ ಜೀನು, ಅದರ ಮೇಲೆ ಹೊನ್ನೂರಪ್ಪ. ಬಳ್ಳಾರಿ ರಸ್ತೆಯಲ್ಲಿ ಕುದುರೆ ಓಡಿ ಮರೆಯಾಗುತ್ತದೆ. ಕಾಯುತ್ತ ಕೂತ ಈರಕ್ಕ ರಸ್ತೆಯ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ, ಮೂಕಪ್ಪ ಕೂಡ ಆಟೋ ಹೊರಗೆ ತೆಗೆಯದೆ ಪಕ್ಕದಲ್ಲೇ ಕೂತಿದ್ದಾರೆ.

ಬಿಸಿಲೇರಿದ ಮೇಲೆ ಮಲ್ಲಿ ಬೆವರಿ ಬರುತ್ತದೆ. ಜೀನು ಬಿಚ್ಚಿದ ಹೊನ್ನೂರಪ್ಪ, ಗಾದಿ ಎತ್ತುವ ಧೈರ್ಯವಾಗದೆ ಬೇವಿನ ಮರದ ಕಡೆ ಮುಖ ತಿರುಗಿಸುತ್ತಾರೆ. ಈರಕ್ಕ ಎತ್ತುತ್ತಾರೆ. ಗಾದಿ ಎಲ್ಲಾದರೂ ಒತ್ತಿದ್ದರೆ ಆ ಜಾಗ ಬೆವರದೆ ಒಣಗಿ ಕಾಣಬೇಕು. ಮಲ್ಲಿಯ ಬೆನ್ನು ಇಡೀ ಒಂದೇ ಸಮ ಒದ್ದೆಯಾಗಿದೆ. ಮಾಯ್ದ ಗಾಯದ ಮೇಲೆ ಅಂಗೈ ಆಡಿಸಿದರೂ ಮಲ್ಲಿ ಚರ್ಮ ನಡುಗಿಸುವುದಿಲ್ಲ, ಮೇವಿಗೆ ಬಾಯಿ ಹಾಕುತ್ತದೆ.

"ತಿರುಗಿ ನೋಡು ಯಣ್ಣಾ. ಮಲ್ಲಿ ಎಲ್ಲಿಗೂ ಹೋಗಂಗಿಲ್ಲ."

ಹೊನ್ನೂರಪ್ಪ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಶುಕ್ರವಾರ ಬೆಳುಗುಪ್ಪದಲ್ಲಿ ಮದುವೆಯಿದೆ, ಗಂಡ ಹೆಂಡತಿ ಇಬ್ಬರೂ ಊಟಕ್ಕೆ ಬರಲೇಬೇಕು, ಮೆರವಣಿಗೆ ನೋಡಲೇಬೇಕು ಎಂದು ಹಟ ಹಿಡಿಯುತ್ತಾರೆ.

"ಬರ್ತೀನಿ ತಗೋ" ಎನ್ನುತ್ತಾರೆ ಈರಕ್ಕ, ಗಾದಿಯನ್ನು ಬಿಸಿಲಿಗೆ ಹರವುತ್ತ. "ಮೆರವಣಿಗಿ ಮುಗಿದು ಜೀನು ಬಿಚ್ಚೋ ಹೊತ್ತಿಗೆ ನನ್ನ ಕರಿ. ಮದಿಮಗನ್ನ ನೋಡಾಕ ಊರೆಲ್ಲಾ ಇರ್ತೈತಿ. ನಾ ಮಲ್ಲಿ ಬೆನ್ನು ನೋಡ್ಬೇಕು."