ಕೊಪ್ಪರಿಗೆಗೆ ಹಿಡಿದ ತವರ

ಕಲಾಯಿ ಸಾಬರ ಹಿಮ್ಮಡಿಗಳು ಇದ್ದಿಲಿನಷ್ಟು ಕಪ್ಪು. ಪಾತ್ರೆಯೊಳಗೆ ಮರಳು ಹಾಕಿ, ಅದರಲ್ಲೇ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಕಾಲಿನಿಂದ ಉಜ್ಜುತ್ತಿದ್ದರು. "ಈ ಡ್ಯಾನ್ಸು ನಮ್ಮ ಬೀಬಿಗೂ ತೋರ್ಸಿಲ್ಲ" ಎಂದು ಅವರೇ ನಗುತ್ತಿದ್ದರು.

ಚಿನಕುರಳಿ ಹತ್ತಿರದ ನಮ್ಮೂರಿನಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮದುವೆ ಅಡುಗೆಯ ತಾಮ್ರದ ಪಾತ್ರೆಗಳು ಊರೊಟ್ಟಿನವು. ಅವುಗಳ ಉಸ್ತುವಾರಿ ನನ್ನದು. ಕಲಾಯಿಗೆ, ಅಂದರೆ ಪಾತ್ರೆಯ ಒಳಮೈಗೆ ಕರಗಿಸಿ ಬಳಿಯಲು ಬೇಕಾದ ತವರವನ್ನು ನಾವೇ ತರಬೇಕು. ಕೆಲಸ ಮುಗಿಯುವ ತನಕ ಒಬ್ಬರು ಎದುರಿಗೇ ಕೂತಿರಬೇಕು. ಕಲಾಯಿಯವರನ್ನು ನಂಬದಿರುವುದು ನಮ್ಮೂರ ರೂಢಿ. ನಾನೂ ನಂಬಿರಲಿಲ್ಲ.

ಒಂದು ವರ್ಷ ಹೊಸ ಕೊಪ್ಪರಿಗೆ ಬಂತು. ಹಳೆಯದು ಒಂದು ಮೊಳ ಅಗಲ, ಒಂದು ಮೊಳ ಎತ್ತರ. ಇದು ಎರಡೆರಡು ಮೊಳ. ಹಳೆಯದಕ್ಕೆ ತವರದ ಒಂದು ಕಡ್ಡಿ ಸಾಕಾಗುತ್ತಿತ್ತು. ನಾನು ಎರಡು ತಂದೆ.

"ಸಾಲಲ್ಲ ಅಣ್ಣ" ಅಂದರು ಸಾಬರು.

ಹೆಚ್ಚು ಕೇಳುವುದು ಅವರ ಉಪಾಯವೆಂದುಕೊಂಡು ನಾನು ಮತ್ತೆ ತರಲು ಹೋಗಲಿಲ್ಲ.

ಅರ್ಧ ಬೆಳ್ಳಗಾಗುವಷ್ಟರಲ್ಲಿ ತವರ ಮುಗಿಯಿತು. ಪಟೇಲರು ಬಂದರು.

"ಎಲ್ಲೋಯ್ತು ಸಾಬ್ರೇ ತವರ? ನುಂಗ್ಬುಟ್ರಾ?"

ಸುತ್ತಲಿದ್ದವರು ನಕ್ಕರು. "ಚೀಲ ನೋಡ್ಲಾ" ಎಂದು ಪಟೇಲರು ನನಗೆ ಹೇಳಿದರು. ಬೆಳಿಗ್ಗೆಯಿಂದ ನಾನು ಕಣ್ಣು ಕಿತ್ತಿರಲಿಲ್ಲ. ಅವರು ಏನನ್ನೂ ಬಚ್ಚಿಟ್ಟಿಲ್ಲವೆಂದು ಬಲ್ಲೆ. ಆದರೂ ಕೈ ಹಾಕಿದೆ. ಹತ್ತಿ, ಕಲಾಯಿಗೆ ಹಾಕುವ ನವಸಾಗರದ ಪೊಟ್ಟಣ, ಎರಡು ರೊಟ್ಟಿ.

ಸಾಬರು ಹಳೇ ಪೇಪರಿನ ಹಾಳೆಗಳನ್ನು ನೀರಿಗದ್ದಿ ಹಳೆಯ ಚಿಕ್ಕ ಕೊಪ್ಪರಿಗೆಯ ಒಳಮೈಗೆಲ್ಲ ಅಂಟಿಸಿದರು. ನಾಲ್ಕು ಹಿಡಿದವು. ಹೊಸ ಕೊಪ್ಪರಿಗೆ ಆರಿದ ಮೇಲೆ ಅದಕ್ಕೂ ಅಂಟಿಸಿದರು. ಎಂಟಕ್ಕೆ ನಿಲ್ಲುತ್ತದೆಂದು ಎಣಿಸುತ್ತಿದ್ದೆ. ಹದಿನಾರಕ್ಕೆ ನಿಂತಿತು.

"ಅಗಲಾನೂ ಡಬ್ಬಲ್ಲು, ಎತ್ತರಾನೂ ಡಬ್ಬಲ್ಲು. ನೀವು ಒಂದನ್ನೇ ನೋಡುದ್ರಿ ಅಣ್ಣ. ಮೈ ನಾಲ್ಕರಷ್ಟು ಆಯ್ತದೆ."

"ಪೇಪರ್ರು ಅಂಟ್ಸೋದ್ರಲ್ಲೂ ಕೈಚಳಕ ಇರ್ತದೆ ಬುಡಿ" ಎಂದು ಪಟೇಲರು ಎದ್ದು ಹೋದರು.

ನಾನು ಇನ್ನೆರಡು ಕಡ್ಡಿ ತಂದೆ. ಕೊಪ್ಪರಿಗೆ ಪೂರ್ತಿ ಬೆಳಗಿತು. ತವರ ಮಿಗಲೂ ಇಲ್ಲ, ಸಾಲದೆ ಬರಲೂ ಇಲ್ಲ. ಆದರೂ ಊರಿನ ಗುಸುಗುಸು ನಿಲ್ಲಲಿಲ್ಲ. ಕದ್ದಿಲ್ಲವೆಂದು ಕಣ್ಣಾರೆ ಕಂಡವನು ನಾನೊಬ್ಬನೇ. ಪಟೇಲರ ಎದುರು ಆ ಮಾತು ಬಾಯಿಗೆ ಬರಲಿಲ್ಲ. ಮುಂದಿನ ವರ್ಷ ಬೇರೆ ಕಲಾಯಿಯವನು ಬಂದ. ಸಾಬರು ಕೆ.ಆರ್. ಪೇಟೆ ಕಡೆ ಹೋದರೆಂದು ಕೇಳಿದೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ಆ ಕಡೆಯ ನೆಂಟನೊಬ್ಬ ತಂದ. "ನಿಮ್ಮೂರಲ್ಲಿ ತವರ ಕದ್ದಿದ್ರಂತಲ್ಲ, ಅವ್ರೇಯ" ಅಂದ.

"ಕದ್ದಿಲ್ಲ ಕಣಪ್ಪ. ನಾನೇ ಎದುರಿಗೆ ಕೂತಿದ್ದೆ."

"ಮತ್ತೆ ಆಗ್ಲೇ ಯಾಕೆ ಯೋಳ್ನಿಲ್ಲ?" ಎಂದು ಅವನು ಕೇಳಿದ.